ಹಲವರ ಖಾತೆ, ಒಂದೇ ಕಂಪ್ಯೂಟರ್: ನಮ್ಮ ತೆರಿಗೆ ಕಚೇರಿ ಪ್ಲೇರೈಟ್ ಆಯ್ದುಕೊಂಡ ಬಗೆ

ಬಳ್ಳಾರಿ ಗಡಿಯ ಊರು. ನಮ್ಮ ಕಚೇರಿಗೆ ಲೆಕ್ಕ ಕೊಡುವ ವ್ಯಾಪಾರಿಗಳಲ್ಲಿ ಆದೋನಿಯಲ್ಲಿಯೋ ಗುಂತಕಲ್ಲಿನಲ್ಲಿಯೋ ಇನ್ನೊಂದು ಅಂಗಡಿ ಇಟ್ಟವರಿದ್ದಾರೆ. ಮಾಲೀಕರು ಒಬ್ಬರೇ, ಪ್ಯಾನ್ ಒಂದೇ, ಅಂಗಡಿಯ ಹೆಸರೂ ಒಂದೇ. ಆದರೆ ರಾಜ್ಯ ಬೇರೆಯಾದ ಕಾರಣ ಜಿಎಸ್‌ಟಿ ನೋಂದಣಿ ಎರಡು. ಹದಿನೈದು ಅಕ್ಷರಗಳ ಆ ಸಂಖ್ಯೆ ಕರ್ನಾಟಕದ್ದಾದರೆ 29ರಿಂದ, ಆಂಧ್ರಪ್ರದೇಶದ್ದಾದರೆ 37ರಿಂದ ಆರಂಭವಾಗುತ್ತದೆ. ನಡುವೆ ಬರುವ ಪ್ಯಾನಿನ ಹತ್ತು ಅಕ್ಷರಗಳಲ್ಲಿ ಯಾವ ಭೇದವೂ ಇರುವುದಿಲ್ಲ. ಕಳೆದ ವರ್ಷ ಒಂದು ತಿಂಗಳ 17ನೇ ತಾರೀಖು ಅಂಥದೊಂದು ಜೀನ್ಸ್ ಅಂಗಡಿಯ ಖರೀದಿ ವಿವರವನ್ನು ಇಳಿಸಿಕೊಂಡು, ಪುಸ್ತಕದೊಂದಿಗೆ ತಾಳೆ ನೋಡಿ, ಜಿಎಸ್‌ಟಿಯ ತಿಂಗಳ ರಿಟರ್ನಾದ 3ಬಿಯ ಕರಡನ್ನು ಮಾಲೀಕರಿಗೆ ತೋರಿಸಿದೆವು. ಅವರು ಎರಡು ಸಾಲು ನೋಡುತ್ತಿದ್ದಂತೆ, "ಸರ್, ಇದು ಆದೋನಿ ಅಂಗಡಿಗೆ ಬಂದ ಮಾಲು ಐತ್ರಿ, ಇಲ್ಲಿದಲ್ಲ" ಎಂದರು. ಒಂದೇ ಬ್ರೌಸರಿನ ಎರಡು ಟ್ಯಾಬುಗಳಲ್ಲಿ ಎರಡೂ ಖಾತೆಗಳನ್ನು ತೆರೆದಿದ್ದೆವು. ಎರಡನೆಯದರಲ್ಲಿ ಲಾಗಿನ್ ಆದ ಕ್ಷಣವೇ ಮೊದಲನೆಯದರ ಕುಕಿ (ಒಳಗಿರುವವರು ಯಾರೆಂದು ತಾಣವು ಬ್ರೌಸರಿನಲ್ಲಿ ಇಡುವ ಗುರುತು) ಅಳಿದು ಹೊಸದು ಕುಳಿತಿತ್ತು. ಮೊದಲ ಟ್ಯಾಬನ್ನು ನಾವು ಬಳ್ಳಾರಿಯದೆಂದೇ ನಂಬಿ ಮುಂದುವರಿಸಿದ್ದೆವು.

ತಪ್ಪು ಸಲ್ಲಿಕೆಗೆ ಮೊದಲೇ ಸಿಕ್ಕಿತು. ಆದರೂ ಆ ಸಂಜೆ ಕಚೇರಿಯಲ್ಲಿ ಯಾರಿಗೂ ಸಮಾಧಾನವಿರಲಿಲ್ಲ, ಏಕೆಂದರೆ ಮಾಲೀಕರು ಅಷ್ಟು ಎಚ್ಚರದಿಂದ ನೋಡದೇ ಹೋಗಿದ್ದರೆ ಒಂದು ರಾಜ್ಯದ ಹೂಡುವಳಿ ತೆರಿಗೆ ಜಮೆಯನ್ನು (ಖರೀದಿಯಲ್ಲಿ ಕೊಟ್ಟ ತೆರಿಗೆಗೆ ಸಿಗುವ ವಜಾ) ಇನ್ನೊಂದು ರಾಜ್ಯದ ನೋಂದಣಿಯಲ್ಲಿ ಪಡೆದಂತಾಗಿ ಅವರಿಗೆ ನೋಟಿಸು ಬರುತ್ತಿತ್ತು. ಮರುದಿನದಿಂದಲೇ ಪ್ರತಿ ವ್ಯಾಪಾರಿಗೂ ಬೇರೆ ಬ್ರೌಸರ್ ಪ್ರೊಫೈಲ್ (ತನ್ನದೇ ಕುಕಿ, ಲಾಗಿನ್ ಇರುವ ಪ್ರತ್ಯೇಕ ವಿಭಾಗ) ಇರಬೇಕು, ಅವನ್ನು ತೆರೆಯುವ ಕೆಲಸ ಕೈಯಳತೆಯ ಅಂದಾಜಿಗೆ ಬಿಡದೆ ಒಂದು ಕ್ರಮದಲ್ಲಿ ನಡೆಯಬೇಕು ಎಂದು ನಿರ್ಧರಿಸಿದೆವು. ಆ ಕ್ರಮಕ್ಕಾಗಿ, ಬ್ರೌಸರನ್ನು ತಾನೇ ನಡೆಸುವ ಪ್ಲೇರೈಟ್ ಸೇರಿದಂತೆ ಮೂರ್ನಾಲ್ಕು ಉಪಕರಣಗಳನ್ನು ತಿಂಗಳುಗಟ್ಟಲೆ ಬಳಸಿ ನೋಡಿದ ಅನುಭವ ಇಲ್ಲಿದೆ. ನಮ್ಮಂತೆ ಕೌಲ್ ಬಜಾರಿನ ಜೀನ್ಸ್ ಹೊಲಿಗೆಯವರು, ಸಿರುಗುಪ್ಪ, ಗಂಗಾವತಿ, ಸಿಂಧನೂರುಗಳ ಅಕ್ಕಿ ಗಿರಣಿಯವರು, ರಾಯಚೂರಿನ ಹತ್ತಿ ವ್ಯಾಪಾರಿಗಳು, ಹೀಗೆ ಹತ್ತಾರು ಜನರ ಖಾತೆಗಳನ್ನು ನೋಡಿಕೊಳ್ಳುವ ಸಣ್ಣ ಕಚೇರಿಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಉಪಕರಣಗಳ ಮಾತಿಗೆ ಮೊದಲು ಒಂದನ್ನು ಹೇಳಲೇಬೇಕು: ನಿಮಗೆ ಇಷ್ಟೊಂದು ಲಾಗಿನ್‌ಗಳು ನಿಜವಾಗಿಯೂ ಬೇಕೇ ಎಂಬುದನ್ನು ಮೊದಲು ನೋಡಿಕೊಳ್ಳಿ. ಜಿಎಸ್‌ಟಿ ಪ್ರಾಕ್ಟೀಷನರ್ ಆಗಿ ನೋಂದಾಯಿಸಿಕೊಂಡವರನ್ನು ವ್ಯಾಪಾರಿಯು ತನ್ನ ಖಾತೆಯಿಂದ ಪಿಸಿಟಿ-05 ನಮೂನೆಯ ಮೂಲಕ ನೇಮಿಸಿಕೊಳ್ಳಬಹುದು. ಆಗ ಅವರ ಪಾಸ್‌ವರ್ಡ್ ನಮ್ಮ ಬಳಿ ಇರಬೇಕಾದ ಅಗತ್ಯವೇ ಬೀಳದೆ, ನಮ್ಮ ಸ್ವಂತ ಲಾಗಿನ್‌ನಿಂದಲೇ ರಿಟರ್ನ್ ಸಿದ್ಧಪಡಿಸಲು ಸಾಧ್ಯ. ಲೆಕ್ಕಪತ್ರದ ತಂತ್ರಾಂಶವಾದ ಟ್ಯಾಲಿಪ್ರೈಮ್‌ನ 5.0 ಆವೃತ್ತಿಯಿಂದ ಈಚೆಗೆ ಜಿಎಸ್‌ಟಿ ತಾಣದೊಂದಿಗೆ ನೇರ ಸಂಪರ್ಕವಿದ್ದು, ಪುಸ್ತಕವನ್ನು ಅದರಲ್ಲೇ ಇಟ್ಟವರ 2ಬಿ ವಿವರಕ್ಕೆ (ಮಾರಿದವರು ಸಲ್ಲಿಸಿದ ಲೆಕ್ಕದಿಂದ ತಾಣ ತಯಾರಿಸುವ ಖರೀದಿ ಪಟ್ಟಿ) ಬ್ರೌಸರನ್ನು ತೆರೆಯುವ ಕೆಲಸವೇ ಇಲ್ಲ. ಅಮೆಜಾನ್‌ನಲ್ಲಿ ಜೀನ್ಸ್ ಮಾರುವವರು ತಮ್ಮ ಮಾರಾಟ ಖಾತೆಯಲ್ಲಿ ಲೆಕ್ಕಿಗನನ್ನು ಪ್ರತ್ಯೇಕ ಬಳಕೆದಾರನಾಗಿ ಸೇರಿಸಿ, ವರದಿ ನೋಡುವಷ್ಟಕ್ಕೇ ಅನುಮತಿ ಕೊಡಬಹುದು. ಈ ಮೂರು ದಾರಿಗಳಲ್ಲಿ ಸಾಗಿದ ಮೇಲೂ ನಮ್ಮಲ್ಲಿ ಮೂವತ್ತಕ್ಕೂ ಹೆಚ್ಚು ಖಾತೆಗಳು ಉಳಿದವು. ಕೆಲವರು ಪುಸ್ತಕವನ್ನು ಕೈಯಲ್ಲೇ ಬರೆಯುತ್ತಾರೆ, ಕೆಲವರ ಕೆಲಸ ಮಾಲು ಸಾಗಣೆಯ ಇ-ವೇ ಬಿಲ್ ತಾಣದಲ್ಲಿರುತ್ತದೆ, ಕೆಲವರಿಗೆ ನಮೂನೆ ತುಂಬುವ ಪದ್ಧತಿ ಒಗ್ಗಲಿಲ್ಲ.

ಹತ್ತರೊಳಗೆ ಖಾತೆಗಳಿರುವವರಿಗೆ ಕ್ರೋಮ್ ಬ್ರೌಸರಿನಲ್ಲೇ ಇರುವ ಪ್ರೊಫೈಲ್ ವ್ಯವಸ್ಥೆ ಸಾಕು. ಪ್ರತಿ ಪ್ರೊಫೈಲಿಗೂ ಬೇರೆ ಹೆಸರು, ಬೇರೆ ಬಣ್ಣ ಕೊಟ್ಟು ಡೆಸ್ಕ್‌ಟಾಪಿನಲ್ಲಿ ಒಂದೊಂದು ಶಾರ್ಟ್‌ಕಟ್ ಇಟ್ಟುಕೊಂಡರೆ ಕುಕಿಗಳು ಒಂದಕ್ಕೊಂದು ತಾಗುವುದಿಲ್ಲ. ಫೈರ್‌ಫಾಕ್ಸ್‌ನ ಮಲ್ಟಿ-ಅಕೌಂಟ್ ಕಂಟೇನರ್ಸ್ ಇನ್ನೂ ಹಗುರ. ಒಂದೇ ಕಿಟಕಿಯಲ್ಲಿ ಬಣ್ಣಬಣ್ಣದ ಟ್ಯಾಬುಗಳು, ಪ್ರತಿ ಬಣ್ಣಕ್ಕೂ ಪ್ರತ್ಯೇಕ ಕುಕಿ ಡಬ್ಬಿ. ಕೈಯಿಂದಲೇ ಕೆಲಸ ಮಾಡುವವರಿಗೆ ಇದನ್ನು ಮನಸಾರೆ ಶಿಫಾರಸು ಮಾಡುತ್ತೇನೆ. ಆದರೆ 14ನೇ ತಾರೀಖು 2ಬಿ ಸಿದ್ಧವಾಗಿ, 20ನೇ ತಾರೀಖಿನೊಳಗೆ 3ಬಿ ಸಲ್ಲಬೇಕಾದ ಆ ಆರು ದಿನಗಳಲ್ಲಿ ಮೂವತ್ತು ಸಲ ಅದೇ ಮೆನು, ಅದೇ ತಿಂಗಳ ಆಯ್ಕೆ, ಅದೇ ಡೌನ್‌ಲೋಡ್ ಗುಂಡಿ ಎಂದು ಒತ್ತುತ್ತ ಹೋದಾಗ ಕಣ್ಣು ಸೋಲುತ್ತದೆ, ಸೋತ ಕಣ್ಣು ಬಣ್ಣವನ್ನೂ ಗಮನಿಸುವುದಿಲ್ಲ. ಸ್ವಯಂಚಾಲನೆಯ ಉಪಕರಣವನ್ನು ಹುಡುಕಿದ್ದು ಈ ಕಾರಣಕ್ಕೆ.

ಮೊದಲು ಕೈಗೆತ್ತಿಕೊಂಡದ್ದು ಸೆಲೆನಿಯಂ. 2004ರಲ್ಲಿ ಥಾಟ್‌ವರ್ಕ್ಸ್ ಸಂಸ್ಥೆಯಲ್ಲಿ ಜೇಸನ್ ಹಗ್ಗಿನ್ಸ್ ಆರಂಭಿಸಿದ ಈ ಉಪಕರಣ ಈ ಕ್ಷೇತ್ರದ ಹಿರಿಯಣ್ಣ. ಅದು ಬ್ರೌಸರಿಗೆ ಆಜ್ಞೆ ಕೊಡುವ ವೆಬ್‌ಡ್ರೈವರ್ ಪದ್ಧತಿಯನ್ನು 2018ರಲ್ಲಿ ವೆಬ್ ಮಾನದಂಡಗಳ ಸಂಸ್ಥೆಯಾದ ಡಬ್ಲ್ಯು3ಸಿ ಮಾನದಂಡವಾಗಿಯೇ ಅಂಗೀಕರಿಸಿತು. ಪೈಥಾನ್, ಜಾವಾ, ಸಿ ಶಾರ್ಪ್, ರೂಬಿ, ಜಾವಾಸ್ಕ್ರಿಪ್ಟ್ ಈ ಪ್ರೋಗ್ರಾಮಿಂಗ್ ಭಾಷೆಗಳೆಲ್ಲದರಲ್ಲೂ ಆಜ್ಞೆ ಬರೆಯಬಹುದು. ಮೊದಲು ಕ್ರೋಮ್ ಹೊಸದಾದಾಗಲೆಲ್ಲ ಅದಕ್ಕೆ ಹೊಂದುವ ಡ್ರೈವರನ್ನು (ಬ್ರೌಸರಿಗೆ ಆಜ್ಞೆ ತಲುಪಿಸುವ ಕಿರು ತಂತ್ರಾಂಶ) ಹುಡುಕಿ ಹಾಕಬೇಕಿದ್ದ ಕಿರಿಕಿರಿಯೂ 4.6ನೇ ಆವೃತ್ತಿಯಲ್ಲಿ ಸೆಲೆನಿಯಂ ಮ್ಯಾನೇಜರ್ ಬಂದ ಮೇಲೆ ಕಡಿಮೆಯಾಗಿದೆ. ಹಲವು ಪ್ರೊಫೈಲುಗಳ ವಿಷಯದಲ್ಲಿ ಸೆಲೆನಿಯಂನ ರೀತಿ ಸರಳ: ಪ್ರತಿ ವ್ಯಾಪಾರಿಗೂ ಒಂದು ಫೋಲ್ಡರ್ ಮಾಡಿ, ಅದನ್ನು ಕ್ರೋಮ್‌ಗೆ ಯೂಸರ್ ಡೇಟಾ ಡೈರೆಕ್ಟರಿ ಎಂದು ತೋರಿಸಿದರೆ ಆಯಿತು. ನಾವು ಆರಂಭದಲ್ಲಿ ಮಾಡಿದ ತಪ್ಪು, ದಿನನಿತ್ಯ ಬಳಸುವ ಕ್ರೋಮ್‌ನ ಫೋಲ್ಡರನ್ನೇ ತೋರಿಸಿದ್ದು. ಒಂದು ಫೋಲ್ಡರನ್ನು ಏಕಕಾಲಕ್ಕೆ ಒಂದೇ ಕ್ರೋಮ್ ಹಿಡಿದುಕೊಳ್ಳಬಲ್ಲದು. ಇನ್ನೊಂದು ಬಂದು ಕೇಳಿದರೆ ಈಗಾಗಲೇ ಬಳಕೆಯಲ್ಲಿದೆ ಎಂದು ನಿಂತುಬಿಡುತ್ತದೆ. ಅಲ್ಲದೆ 2025ರಲ್ಲಿ ಬಂದ ಕ್ರೋಮ್ 136ರಿಂದ ಈಚೆಗೆ, ದಿನಬಳಕೆಯ ಆ ಮೂಲ ಫೋಲ್ಡರಿನ ಮೇಲೆ, ಬೇರೆ ತಂತ್ರಾಂಶ ಬ್ರೌಸರನ್ನು ನಡೆಸುವ ದಾರಿಯಾದ ದೂರನಿಯಂತ್ರಣದ ಪೋರ್ಟ್ ತೆರೆಯುವ ಸೂಚನೆಯನ್ನು ಬ್ರೌಸರ್ ಪಾಲಿಸುವುದೇ ಇಲ್ಲ. ಕುಕಿ ಕದಿಯುವವರು ಅದೇ ದಾರಿಯನ್ನು ಬಳಸುತ್ತಿದ್ದ ಕಾರಣ ಮಾಡಿದ ಬದಲಾವಣೆ ಅದು, ಒಳ್ಳೆಯದೇ. ಹಳೆಯ ವೀಡಿಯೋ ನೋಡಿ ಹಾಗೆಯೇ ಮಾಡಲು ಹೊರಟವರು ಇದನ್ನು ತಿಳಿದಿರಬೇಕು.

ಸೆಲೆನಿಯಂ ನಮ್ಮನ್ನು ದಣಿಸಿದ್ದು ಕಾಯುವಿಕೆಯಲ್ಲಿ. 20ನೇ ತಾರೀಖು ಹತ್ತಿರವಾದಂತೆ ತಾಣಗಳು ನಿಧಾನವಾಗುತ್ತವೆ; ಗುಂಡಿ ಪರದೆಯ ಮೇಲೆ ಕಂಡರೂ ಅದರ ಮೇಲೆ ತಿರುಗುವ ಚಕ್ರ ಕುಳಿತಿರುತ್ತದೆ. ಪ್ರತಿಯೊಂದು ಹೆಜ್ಜೆಗೂ ಯಾವ ಸ್ಥಿತಿ ಬರುವವರೆಗೆ ಕಾಯಬೇಕೆಂದು ನಾವೇ ಬರೆದುಕೊಡಬೇಕು. ನುರಿತವರಿಗೆ ಇದು ದೊಡ್ಡ ಮಾತಲ್ಲ. ನಮ್ಮಲ್ಲಿ ಈ ಕೆಲಸ ಮಾಡುವವನು ಬಿ.ಕಾಂ. ಮುಗಿಸಿ, ಸಂಜೆ ತರಗತಿಯಲ್ಲಿ ಪೈಥಾನ್ ಕಲಿತ ಹುಡುಗ. ಅವನ ಮೂರು ವಾರಗಳು ಇದರಲ್ಲೇ ಕಳೆದವು.

ಪಪೆಟಿಯರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 2017ರಲ್ಲಿ ಗೂಗಲ್‌ನ ಕ್ರೋಮ್ ತಂಡ ಹೊರತಂದ ಒಳ್ಳೆಯ ಉಪಕರಣ ಅದು; ಫೈರ್‌ಫಾಕ್ಸ್‌ನೊಂದಿಗೂ ಕೆಲಸ ಮಾಡುತ್ತದೆ, ಪ್ರತ್ಯೇಕ ಕಾಂಟೆಕ್ಸ್ಟ್‌ಗಳೂ (ಒಂದೇ ಬ್ರೌಸರಿನೊಳಗಿನ ಬೇರೆ ಬೇರೆ ಕೋಣೆಗಳು) ಇವೆ. ಆದರೆ ಅದರ ಭಾಷೆ ಜಾವಾಸ್ಕ್ರಿಪ್ಟ್. ನಮ್ಮ ಹುಡುಗನಿಗೆ ಗೊತ್ತಿರುವುದು ಪೈಥಾನ್. ಅಲ್ಲಿಗೆ ಮುಗಿಯಿತು.

ಕೊನೆಗೆ ನೆಲೆ ನಿಂತದ್ದು ಪ್ಲೇರೈಟ್‌ನಲ್ಲಿ. ಮೈಕ್ರೋಸಾಫ್ಟ್ 2020ರ ಆರಂಭದಲ್ಲಿ ಬಿಡುಗಡೆ ಮಾಡಿದ ಇದು ಸೆಲೆನಿಯಂ, ಪಪೆಟಿಯರ್‌ಗಳಂತೆಯೇ ಅಪಾಚೆ ಪರವಾನಗಿಯ ಮುಕ್ತ ತಂತ್ರಾಂಶ, ಹಣ ಕೊಡಬೇಕಾಗಿಲ್ಲ. ಒಂದೇ ಬರವಣಿಗೆ (ಆಜ್ಞೆಗಳ ಸ್ಕ್ರಿಪ್ಟ್) ಕ್ರೋಮ್‌ನ ತಳಹದಿಯಾದ ಕ್ರೋಮಿಯಂ, ಫೈರ್‌ಫಾಕ್ಸ್, ಸಫಾರಿಯ ತಳಹದಿಯಾದ ವೆಬ್‌ಕಿಟ್ ಮೂರರಲ್ಲೂ ನಡೆಯುತ್ತದೆ. ಗುಂಡಿಯನ್ನು ಒತ್ತು ಎಂದರೆ, ಅದು ಕಾಣುತ್ತಿದೆಯೇ, ಅಲುಗದೆ ನಿಂತಿದೆಯೇ, ಒತ್ತಲು ಬರುವಂತಿದೆಯೇ, ಬೇರೇನಾದರೂ ಅದನ್ನು ಮುಚ್ಚಿದೆಯೇ ಎಂದು ತಾನೇ ಪರೀಕ್ಷಿಸಿ ಆಮೇಲೆ ಒತ್ತುತ್ತದೆ. ಮೂವತ್ತು ಸೆಕೆಂಡಿನೊಳಗೆ ಆಗದಿದ್ದರೆ ಸುಮ್ಮನೆ ಮುಂದೆ ಹೋಗದೆ ದೋಷವೆಂದು ನಿಲ್ಲುತ್ತದೆ. ಈ ಒಂದು ಗುಣದಿಂದ ನಮ್ಮ ಬರವಣಿಗೆ ಅರ್ಧಕ್ಕಿಳಿಯಿತು.

ಪ್ರೊಫೈಲುಗಳ ವಿಷಯದಲ್ಲಿ ಪ್ಲೇರೈಟ್ ಎರಡು ದಾರಿ ಕೊಡುತ್ತದೆ, ಮತ್ತು ಇವೆರಡರ ನಡುವಿನ ವ್ಯತ್ಯಾಸವನ್ನು ಸರಿಯಾಗಿ ತಿಳಿದುಕೊಳ್ಳದೆ ಮುಂದೆ ಹೋಗಬಾರದು. ಮೊದಲನೆಯದು ಬ್ರೌಸರ್ ಕಾಂಟೆಕ್ಸ್ಟ್: ಒಂದೇ ಬ್ರೌಸರ್ ಪ್ರಕ್ರಿಯೆಯೊಳಗೆ ಬೇಕಾದಷ್ಟು ಪ್ರತ್ಯೇಕ ಕೋಣೆಗಳು. ಒಂದರ ಕುಕಿ ಇನ್ನೊಂದಕ್ಕೆ ಕಾಣುವುದಿಲ್ಲ, ಮುಚ್ಚಿದೊಡನೆ ಎಲ್ಲವೂ ಅಳಿಯುತ್ತದೆ. 8 ಜಿಬಿ ಮೆಮೊರಿಯ ನಮ್ಮ ಹಳೆಯ ಕಂಪ್ಯೂಟರಿನಲ್ಲಿಯೂ ನಾಲ್ಕೈದು ಖಾತೆಗಳು ಒಟ್ಟಿಗೆ ತೆರೆದಿರಬಲ್ಲವು. ಕುಕಿ ಮತ್ತು ಲೋಕಲ್ ಸ್ಟೋರೇಜನ್ನು (ತಾಣವು ಬ್ರೌಸರಿನಲ್ಲಿ ಇಡುವ ಇತರ ಮಾಹಿತಿ) ಉಳಿಸಿಕೊಳ್ಳಬೇಕಾದರೆ ಸ್ಟೋರೇಜ್ ಸ್ಟೇಟ್ ಎಂಬ JSON ಪಠ್ಯ ಕಡತವಾಗಿ ಬರೆದಿಟ್ಟು ಮುಂದಿನ ಸಲ ಮತ್ತೆ ತುಂಬಬಹುದು. ಎರಡನೆಯದು ಪರ್ಸಿಸ್ಟೆಂಟ್ ಕಾಂಟೆಕ್ಸ್ಟ್: ಪ್ರತಿ ವ್ಯಾಪಾರಿಗೆ ಡಿಸ್ಕಿನ ಮೇಲೆ ಒಂದು ಫೋಲ್ಡರ್, ಅದಕ್ಕೆ ತನ್ನದೇ ಪೂರ್ತಿ ಬ್ರೌಸರ್. ಇದು ಹೆಚ್ಚು ಮೆಮೊರಿ ತಿನ್ನುತ್ತದೆ, ಆದರೆ ಬೇಸಿಗೆಯಲ್ಲಿ ಮಧ್ಯಾಹ್ನ ಕರೆಂಟು ಹೋಗಿ ಕಂಪ್ಯೂಟರ್ ಆರಿದರೂ ಆ ಖಾತೆಯ ಆಯ್ಕೆಗಳು ಉಳಿದಿರುತ್ತವೆ.

ಕಡತ ಹಗುರವೆಂದು ಮೊದಲು ನಾವು ಸ್ಟೋರೇಜ್ ಸ್ಟೇಟನ್ನೇ ಮೆಚ್ಚಿದೆವು. ಆಮೇಲೆ ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿದಾಗ ಗಾಬರಿಯಾಯಿತು. ಕುಕಿಗಳೆಲ್ಲ ಅದರಲ್ಲಿ ಯಾರಾದರೂ ಓದಬಹುದಾದ ಅಕ್ಷರಗಳಲ್ಲಿ ಇರುತ್ತವೆ. ಲಾಗಿನ್ ಜೀವಂತವಿರುವಷ್ಟು ಹೊತ್ತು ಆ ಕಡತವನ್ನು ಪೆನ್‌ಡ್ರೈವಿನಲ್ಲಿ ಒಯ್ದವರು ಪಾಸ್‌ವರ್ಡ್ ಇಲ್ಲದೆಯೇ ಆ ಖಾತೆಯೊಳಗೆ ಹೋಗಬಲ್ಲರು. ಕ್ರೋಮ್ ತನ್ನ ಪ್ರೊಫೈಲ್ ಫೋಲ್ಡರಿನೊಳಗಿನ ಕುಕಿಗಳನ್ನು ವಿಂಡೋಸ್‌ನ ಬೀಗದೊಂದಿಗೆ ಗೂಢಲಿಪಿಯಲ್ಲಿಡುತ್ತದೆ. ಹೀಗಾಗಿ ಫೋಲ್ಡರನ್ನು ಬೇರೆ ಕಂಪ್ಯೂಟರಿಗೆ ನಕಲು ಮಾಡಿದರೆ ಲಾಗಿನ್ ಅದರೊಂದಿಗೆ ಹೋಗುವುದಿಲ್ಲ. ಕೆಲವರು ಇದನ್ನು ಕೊರತೆಯೆಂದು ದೂರುತ್ತಾರೆ; ಪರರ ಖಾತೆ ಕಾಯುವ ನಮ್ಮಂಥವರಿಗೆ ಅದೇ ರಕ್ಷೆ. ಸರ್ಕಾರಿ ತಾಣಗಳು ಸ್ವಲ್ಪ ಹೊತ್ತು ಸುಮ್ಮನಿದ್ದರೆ ಹೊರಹಾಕುತ್ತವೆಯಾದ್ದರಿಂದ ಉಳಿಸಿಟ್ಟ ಕುಕಿಯಿಂದ ಮರುದಿನಕ್ಕೆ ಸಿಗುವ ಲಾಭವೂ ಅಷ್ಟಕ್ಕಷ್ಟೇ. ಹೀಗಾಗಿ ಜಿಎಸ್‌ಟಿ ಕೆಲಸಕ್ಕೆ, ಪ್ರತಿ ಸಲ ಹೊಸದಾಗಿ ಹುಟ್ಟಿ ಮುಚ್ಚಿದಾಗ ಅಳಿಯುವ ಸಾಧಾರಣ ಕಾಂಟೆಕ್ಸ್ಟನ್ನು ಬಳಸುತ್ತೇವೆ. ಪ್ರತಿ ಸಲ ಹೊಸ ಯಂತ್ರವೆಂದು ಅನುಮಾನಿಸಿ ಮತ್ತೆ ಮತ್ತೆ ಪರಿಶೀಲನೆ ಕೇಳುವ ಮಾರಾಟ ತಾಣಗಳಿಗೆ ಮಾತ್ರ ಪರ್ಸಿಸ್ಟೆಂಟ್ ಫೋಲ್ಡರ್. ಸ್ಟೋರೇಜ್ ಸ್ಟೇಟ್ ಕಡತವನ್ನು ನಮ್ಮ ಕಚೇರಿಯಲ್ಲಿ ಬರೆಯುವುದೇ ಇಲ್ಲ.

ಈ ಏರ್ಪಾಟಿನಲ್ಲಿ ನನಗೆ ಅತಿ ಮುಖ್ಯವೆನಿಸುವ ಭಾಗ ಇನ್ನೊಂದಿದೆ. ಪ್ರೊಫೈಲ್ ಬೇರೆಯಿದ್ದ ಮಾತ್ರಕ್ಕೆ ಒಳಗಿರುವವರು ಸರಿಯಾದ ವ್ಯಾಪಾರಿಯೇ ಎಂಬ ಖಾತರಿ ಆಗುವುದಿಲ್ಲ; ಆದೋನಿಯ ಪ್ರೊಫೈಲಿನಲ್ಲಿ ಬಳ್ಳಾರಿಯ ಬಳಕೆದಾರ ಹೆಸರನ್ನು ಕೈತಪ್ಪಿ ಹಾಕಿದರೆ ಮತ್ತೆ ಹಳೆಯ ಕಥೆಯೇ. ಅದಕ್ಕಾಗಿ ಲಾಗಿನ್ ಆದೊಡನೆ ತಾಣದ ಪರದೆಯಲ್ಲಿ ಕಾಣುವ ನೋಂದಣಿ ಸಂಖ್ಯೆಯನ್ನು ಓದಿ, ನಮ್ಮ ಪಟ್ಟಿಯಲ್ಲಿರುವ ಹದಿನೈದು ಅಕ್ಷರಗಳೊಂದಿಗೆ ಹೋಲಿಸಿ, ಒಂದು ಅಕ್ಷರ ಹೊಂದದಿದ್ದರೂ ಕಿಟಕಿಯನ್ನೇ ಮುಚ್ಚುವಂತೆ ಬರೆಸಿದ್ದೇವೆ. ಅದರೊಂದಿಗೆ ಪ್ರತಿ ಪುಟದ ನೆತ್ತಿಯ ಮೇಲೆ ಅಂಗಡಿಯ ಹೆಸರು, ಊರು, ಮೊದಲ ಎರಡು ಅಂಕಿ ಇರುವ ಬಣ್ಣದ ಪಟ್ಟಿಯೊಂದನ್ನು ಪ್ಲೇರೈಟ್‌ನ ಇನಿಟ್ ಸ್ಕ್ರಿಪ್ಟ್ ಮೂಲಕ ಅಂಟಿಸುತ್ತೇವೆ: 29ಕ್ಕೆ ಹಳದಿ, 37ಕ್ಕೆ ನೀಲಿ, ತೆಲಂಗಾಣದ 36ಕ್ಕೆ ಹಸಿರು. ಈ ಸ್ಕ್ರಿಪ್ಟ್ ಪುಟದ ಒಡಲು ರೂಪುಗೊಳ್ಳುವ ಮೊದಲೇ ಓಡುತ್ತದೆಯಾದ್ದರಿಂದ, ಪುಟ ಪೂರ್ತಿಯಾಗಿ ತೆರೆದುಕೊಂಡ ಮೇಲೆ ಪಟ್ಟಿಯನ್ನು ಸೇರಿಸುವಂತೆ ಬರೆಯಬೇಕು. ಇಲ್ಲದಿದ್ದರೆ ಪಟ್ಟಿ ಕಾಣಿಸುವುದೇ ಇಲ್ಲ. ನಾನು ಉಪಕರಣದ ವೇಗವನ್ನು ಅಳೆಯಲಿಲ್ಲ. ಯಾವ ಉಪಕರಣ ನಾವು ಯಾರ ಖಾತೆಯಲ್ಲಿದ್ದೇವೆಂಬುದನ್ನು ಮರೆಯಲು ಬಿಡುವುದಿಲ್ಲವೋ ಅದು ಒಳ್ಳೆಯದು ಎಂಬುದೇ ನನ್ನ ಅಳತೆ.

ಕ್ಯಾಪ್ಚಾವನ್ನು ಯಂತ್ರದಿಂದ ಬಿಡಿಸುವ ಸೇವೆಗಳನ್ನು ಕೆಲವರು ಸೂಚಿಸಿದರು. ನಾವು ಅದರ ತಂಟೆಗೆ ಹೋಗಲಿಲ್ಲ. ಎದುರಿಗಿರುವವರು ಮನುಷ್ಯರೇ ಎಂದು ತಿಳಿಯಲೆಂದು ತಾಣವು ಇಟ್ಟ ಪರೀಕ್ಷೆ ಅದು. ಅಲ್ಲಿ ಮನುಷ್ಯರೇ ಕುಳಿತು ಅಕ್ಷರ ಟೈಪಿಸಬೇಕು. ಕಿಟಕಿ ಕಾಣುವಂತೆ ತೆರೆದು, ಬಳಕೆದಾರ ಹೆಸರನ್ನು ತುಂಬಿ, ಕ್ಯಾಪ್ಚಾ ಬಳಿ ಪ್ಲೇರೈಟ್ ಕಾಯುತ್ತದೆ. ಓಟಿಪಿಯೂ ಹಾಗೆಯೇ. ಇ-ವೇ ಬಿಲ್ ಮತ್ತು ಇ-ಇನ್‌ವಾಯ್ಸ್ ತಾಣಗಳಲ್ಲಿ 2025ರ ಏಪ್ರಿಲ್ 1ರಿಂದ ಎಲ್ಲ ವ್ಯಾಪಾರಿಗಳಿಗೂ ಎರಡು ಹಂತದ ದೃಢೀಕರಣ ಕಡ್ಡಾಯವಾಗಿದೆ. ಓಟಿಪಿ ಮಾಲೀಕರ ಫೋನಿಗೆ ಹೋಗುತ್ತದೆ, ಅವರಿಗೆ ಕರೆ ಮಾಡಿ ಕೇಳಿಯೇ ಮುಂದುವರಿಯಬೇಕು. ಮೂವತ್ತು ಖಾತೆಗಳೂ ತಾವಾಗಿಯೇ ಮುಗಿಯುತ್ತವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ರಿಟರ್ನ್ ಸಲ್ಲಿಸುವ ಗುಂಡಿಯನ್ನಂತೂ ನಮ್ಮ ಬರವಣಿಗೆ ಮುಟ್ಟುವುದೇ ಇಲ್ಲ. ಅದು ಮಾಲೀಕರ ಒಪ್ಪಿಗೆ ಪಡೆದು ಕೈಯಿಂದಲೇ ಒತ್ತಬೇಕಾದದ್ದು. ಯಾವುದೇ ತಾಣದಲ್ಲಿ ಈ ಬಗೆಯ ಸ್ವಯಂಚಾಲನೆಗೆ ಇಳಿಯುವ ಮೊದಲು ಅದರ ಬಳಕೆಯ ನಿಯಮಗಳನ್ನು ಓದುವುದೂ ಅಷ್ಟೇ ಅಗತ್ಯ.

ಪ್ಲೇರೈಟ್‌ನಲ್ಲಿ ಎಡವುವ ಜಾಗಗಳೂ ಇವೆ. ಹೇಳದಿದ್ದರೆ ಅದು ಬ್ರೌಸರನ್ನು ಕಾಣದಂತೆಯೇ ಓಡಿಸುತ್ತದೆ. ಹೆಡ್‌ಲೆಸ್ ಬೇಡವೆಂದು ಬರೆಯಬೇಕು. ಇಳಿಸಿಕೊಂಡ ಕಡತಗಳನ್ನು ತಾತ್ಕಾಲಿಕ ಜಾಗದಲ್ಲಿಟ್ಟು, ಕಾಂಟೆಕ್ಸ್ಟ್ ಮುಚ್ಚಿದಾಗ ಅಳಿಸಿಹಾಕುತ್ತದೆ. ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿದ್ದರೂ ನಾವು ಓದಿರಲಿಲ್ಲ. ಮೊದಲ ದಿನ ಹನ್ನೊಂದು ಅಂಗಡಿಗಳ ಎಕ್ಸೆಲ್ ಕಡತಗಳು ಸಂಜೆಗೆ ಎಲ್ಲೂ ಸಿಗಲಿಲ್ಲ. ಪ್ರತಿ ಡೌನ್‌ಲೋಡನ್ನೂ ಆಯಾ ವ್ಯಾಪಾರಿಯ ಫೋಲ್ಡರಿಗೆ, ತಿಂಗಳು ಸೇರಿಸಿದ ಹೆಸರಿನಲ್ಲಿ ಉಳಿಸುವ ಸಾಲನ್ನು ಮರೆಯದೆ ಬರೆಯಿರಿ. ದೋಷ ಹುಡುಕಲು ಇರುವ ಟ್ರೇಸ್ ವ್ಯೂವರ್ ಬಹಳ ಸೊಗಸಾದ ಸಾಧನ, ಎಲ್ಲಿ ಎಡವಿತೆಂದು ಹೆಜ್ಜೆಹೆಜ್ಜೆಯಾಗಿ ಚಿತ್ರಸಮೇತ ತೋರಿಸುತ್ತದೆ. ಆದರೆ ಆ ಚಿತ್ರಗಳಲ್ಲಿ ವ್ಯಾಪಾರಿಯ ವಹಿವಾಟು ಕಾಣುತ್ತದೆಯಾದ್ದರಿಂದ ಕೆಲಸ ಮುಗಿದೊಡನೆ ಅಳಿಸಬೇಕು. ತಾಣದ ವಿನ್ಯಾಸ ಬದಲಾದಾಗ ಬರವಣಿಗೆ ನಿಲ್ಲುವುದು ಯಾವ ಉಪಕರಣಕ್ಕೂ ತಪ್ಪಿದ್ದಲ್ಲ. ಗುಂಡಿಯ ಒಳಗುರುತಿನ ಬದಲು ಅದರ ಮೇಲೆ ಬರೆದಿರುವ ಪದದಿಂದ ಹುಡುಕುವಂತೆ ಬರೆದರೆ ತಾಳಿಕೆ ಹೆಚ್ಚು.

ಪಾಸ್‌ವರ್ಡ್‌ಗಳ ವಿಷಯ. ನಮ್ಮ ಕಚೇರಿಯಲ್ಲೂ ಮೊದಲು ಎಲ್ಲರ ಪಾಸ್‌ವರ್ಡ್ ಒಂದೇ ಎಕ್ಸೆಲ್ ಹಾಳೆಯಲ್ಲಿತ್ತು, ಪ್ರಿಂಟ್ ತೆಗೆದ ಪ್ರತಿ ಗೋಡೆಯ ಕಪಾಟಿನಲ್ಲಿತ್ತು. ಈಗ ಪೈಥಾನ್‌ನ ಕೀರಿಂಗ್ ಎಂಬ ಗ್ರಂಥಾಲಯದ ಮೂಲಕ ವಿಂಡೋಸ್‌ನ ಸ್ವಂತ ತಿಜೋರಿಯಲ್ಲಿಟ್ಟಿದ್ದೇವೆ. ಬರವಣಿಗೆಯ ಕಡತದಲ್ಲಿ ಒಂದು ಪಾಸ್‌ವರ್ಡೂ ಇಲ್ಲ. ಪ್ರೊಫೈಲ್ ಫೋಲ್ಡರುಗಳಿಗೂ ನೋಂದಣಿ ಸಂಖ್ಯೆಯನ್ನಾಗಲಿ ಅಂಗಡಿಯ ಹೆಸರನ್ನಾಗಲಿ ಇಡದೆ ನಮ್ಮ ರಿಜಿಸ್ಟರಿನ ಕ್ರಮಸಂಖ್ಯೆಯನ್ನೇ ಇಟ್ಟಿದ್ದೇವೆ.

ಇನ್ನು ಮಲ್ಟಿಲಾಗಿನ್, ಗೋಲಾಗಿನ್, ಆಡ್ಸ್‌ಪವರ್‌ನಂಥ, ಗುರುತು ಮರೆಮಾಚುವ ಬ್ರೌಸರುಗಳ ಮಾತು. ಹಲವು ಪ್ರೊಫೈಲುಗಳಿಗೆ ಯಾವುದು ಒಳ್ಳೆಯದೆಂದು ಹುಡುಕಿದರೆ ಇವುಗಳ ಜಾಹೀರಾತೇ ಎದುರಾಗುತ್ತದೆ. ಪರದೆಯ ಅಳತೆ, ಅಕ್ಷರಶೈಲಿಗಳು, ಚಿತ್ರ ಬಿಡಿಸುವ ರೀತಿ ಮುಂತಾದವನ್ನು ಕೂಡಿಸಿ ತಾಣಗಳು ಒಂದು ಕಂಪ್ಯೂಟರಿನ ಬೆರಳಚ್ಚು ಮಾಡಿಕೊಳ್ಳುತ್ತವೆ. ಇವು ಪ್ರತಿ ಪ್ರೊಫೈಲಿಗೂ ಬೇರೆ ಬೆರಳಚ್ಚು ತೋರಿಸಿ, ಬೇರೆ ಪ್ರಾಕ್ಸಿ (ಬೇರೆ ಇಂಟರ್ನೆಟ್ ವಿಳಾಸ ತೋರಿಸುವ ಮಧ್ಯವರ್ತಿ) ಜೋಡಿಸಿ, ಬೇರೆ ಬೇರೆ ಜನ ಬೇರೆ ಬೇರೆ ಕಂಪ್ಯೂಟರಿನಲ್ಲಿದ್ದಾರೆಂದು ನಂಬಿಸುತ್ತವೆ. ಪ್ಲೇರೈಟ್, ಸೆಲೆನಿಯಂಗಳನ್ನು ಇವುಗಳಿಗೂ ಜೋಡಿಸಬಹುದು. ಒಂದು ಜೀನ್ಸ್ ತಯಾರಕರು, "ಇದನ್ನು ಹಾಕ್ಕೊಂಡ್ರೆ ಒಂದೇ ತಾಣದಾಗ ಮೂರು ಅಂಗಡಿ ತೆಗೀಬಹುದಂತಲ್ಲ ಸರ್?" ಎಂದು ಕೇಳಿದ್ದರು. ತೆಗೆಯಲು ಬರಬಹುದು, ಆದರೆ ತಾಣದ ನಿಯಮ ಮೀರಿ ತೆಗೆದ ಖಾತೆ ಸಿಕ್ಕಿಬಿದ್ದ ದಿನ ಮೂರೂ ಮುಚ್ಚಿ, ಬರಬೇಕಾದ ಹಣವೂ ತಡೆಹಿಡಿದು ನಿಲ್ಲಬಹುದು ಎಂದು ಅವರಿಗೆ ಬಿಡಿಸಿ ಹೇಳಿದೆ. ನಮ್ಮ ಕೆಲಸದಲ್ಲಿ ಮರೆಮಾಚಬೇಕಾದದ್ದು ಏನೂ ಇಲ್ಲ. ಒಂದೇ ಕಚೇರಿಯಿಂದ ಮೂವತ್ತು ರಿಟರ್ನ್ ತಯಾರಾಗುವುದು ಎಲ್ಲರಿಗೂ ತಿಳಿದ, ನ್ಯಾಯವಾದ ಕೆಲಸ. ಅದಕ್ಕಾಗಿ ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತ, ವ್ಯಾಪಾರಿಗಳ ಲಾಗಿನ್‌ಗಳನ್ನು ನಾವು ಕಂಡರಿಯದ ಸಂಸ್ಥೆಯ ತಂತ್ರಾಂಶದೊಳಗೆ ಸುರಿಯುವುದು ನನಗೆ ಸರಿ ಕಾಣಲಿಲ್ಲ. ತೆರಿಗೆ ಕಚೇರಿಗಳು ಇವುಗಳಿಂದ ದೂರವಿರಬೇಕೆಂದೇ ಹೇಳುತ್ತೇನೆ.

ಪ್ಲೇರೈಟ್ ಹಿಡಿದು ಈಗ ಎಂಟು ತಿಂಗಳಾಯಿತು. ಮೂವತ್ತು ಖಾತೆಗಳ 2ಬಿ ಇಳಿಸುವುದು ಮೊದಲು ಇಬ್ಬರ ಎರಡು ದಿನದ ಕೆಲಸವಾಗಿತ್ತು. ಈಗ ಒಬ್ಬ ಹುಡುಗ ಕ್ಯಾಪ್ಚಾ ಟೈಪಿಸುತ್ತ ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತಾನೆ. ಸಂಖ್ಯೆ ಹೊಂದದೆ ಕಿಟಕಿ ತಾನೇ ಮುಚ್ಚಿಕೊಂಡದ್ದು ಇಷ್ಟರಲ್ಲಿ ಎರಡು ಸಲ, ಎರಡೂ ಸಲ ಆದೋನಿ ಮತ್ತು ಬಳ್ಳಾರಿಯ ನಡುವೆಯೇ. ಕಳೆದ ತಿಂಗಳು ಸಿರುಗುಪ್ಪದ ಗಿರಣಿ ಮಾಲೀಕರೊಬ್ಬರು ತಮ್ಮ ಊರಿನಲ್ಲೇ ಒಬ್ಬ ಲೆಕ್ಕಿಗರನ್ನು ಗೊತ್ತು ಮಾಡಿಕೊಂಡು ನಮ್ಮಿಂದ ಲೆಕ್ಕ ಬಿಡಿಸಿಕೊಂಡರು. ಅವರ ಕಾಗದಪತ್ರಗಳನ್ನು ಕೊಟ್ಟು, ಅವರೆದುರಿಗೇ ಅವರ ಕ್ರಮಸಂಖ್ಯೆಯ ಫೋಲ್ಡರನ್ನೂ ತಿಜೋರಿಯಲ್ಲಿದ್ದ ಪಾಸ್‌ವರ್ಡನ್ನೂ ಅಳಿಸಿ, ಅಲ್ಲಿಯೇ ಕುಳಿತು ಹೊಸ ಪಾಸ್‌ವರ್ಡ್ ಹಾಕಿಕೊಳ್ಳುವಂತೆ ಕೇಳಿಕೊಂಡೆ. ಅವರು ಹಾಕಿಕೊಳ್ಳುವಾಗ ನಾನು ಹೊರಗೆ ಹೋಗಿ ನಿಂತಿದ್ದೆ.